ಆಂಡರ್ಸೊನೈಟ್: ಹಳದಿ ಸವಳಿನಲ್ಲಿ ಅಡಗಿರುವ ಖನಿಜವನ್ನು ಗುರುತಿಸಿ ವರ್ಗೀಕರಿಸುವ ಬಗೆ

ಹಳೆಯ ಮನೆಯ ಗೋಡೆಗೆ ಸವಳು ಹಿಡಿದಂತೆ ಗಣಿಯ ಸುರಂಗದ ಗೋಡೆಯ ಮೇಲೆ ಹಳದಿ ಹಸಿರಿನ ಪುಡಿ ಮೂಡಿದ್ದರೆ, ಅದು ಯುರೇನಿಯಂ ಖನಿಜವಿರಬಹುದೆಂದು ಯಾರಿಗಾದರೂ ಅನ್ನಿಸುತ್ತದೆ. ಯಾವ ಯುರೇನಿಯಂ ಖನಿಜ ಎಂಬ ಪ್ರಶ್ನೆಗೆ ಉತ್ತರ ಕೊಡಲು ಮಾತ್ರ ಒಂದು ದಿನದ ಕೆಲಸವಾದರೂ ಬೇಕು. ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಬ್ಯಾಗ್‌ಡ್ಯಾಡ್ ಎಂಬ ಊರಿನ ಹತ್ತಿರ ಇರುವ ಹಿಲ್‌ಸೈಡ್ ಗಣಿ ಇದಕ್ಕೆ ಒಳ್ಳೆಯ ಉದಾಹರಣೆ. ಚಿನ್ನ, ಬೆಳ್ಳಿ, ಸೀಸ, ಸತುವುಗಳಿಗಾಗಿ ತೋಡಿದ ಆ ಗಣಿಯ ಗೋಡೆಗಳ ಮೇಲಿನ ಪದರವನ್ನು ಪರೀಕ್ಷಿಸಿದ ಆಕ್ಸೆಲ್‌ರಾಡ್, ಗ್ರಿಮಾಲ್ಡಿ, ಮಿಲ್ಟನ್ ಮತ್ತು ಮುರಾಟಾ ಎಂಬ ನಾಲ್ವರು, ಅದರಲ್ಲಿ ಒಂದಲ್ಲ, ಮೂರು ಹೊಸ ಯುರೇನಿಯಂ ಕಾರ್ಬೊನೇಟುಗಳು ಇವೆಯೆಂದು 1951ರಲ್ಲಿ ಪ್ರಕಟಿಸಿದರು. ಬೇಲಿಯೈಟ್, ಸ್ವಾರ್ಟ್‌ಜೈಟ್ ಮತ್ತು ಆಂಡರ್ಸೊನೈಟ್ ಎಂಬ ಈ ಮೂರರ ಜೊತೆಗೆ ಶ್ರೋಕಿಂಗೆರೈಟ್ ಎಂಬ ಇನ್ನೊಂದು ಯುರೇನಿಯಂ ಖನಿಜ ಮತ್ತು ಜಿಪ್ಸಂ ಕೂಡ ಅಲ್ಲಿದ್ದವು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಚಾರ್ಲ್ಸ್ ಆಲ್ಫ್ರೆಡ್ ಆಂಡರ್ಸನ್ ಅವರ ಹೆಸರನ್ನು ಹೊತ್ತ ಆಂಡರ್ಸೊನೈಟನ್ನು ಅದರ ಒಡಹುಟ್ಟುಗಳಿಂದ ಬೇರ್ಪಡಿಸಿ ಗುರುತಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಕೆಲಸಕ್ಕೆ ಮೊದಲು ಎರಡು ವಿಷಯ ತಿಳಿದಿರಬೇಕು. ಭಾರತದಲ್ಲಿ ಕಾನೂನಿನ ಪ್ರಕಾರ ಯುರೇನಿಯಂ ನಿಯಂತ್ರಿತ ವಸ್ತುವಾದ್ದರಿಂದ, ಇಂತಹ ಮಾದರಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಯೋಚನೆಯನ್ನೇ ಮಾಡಬಾರದು. ಅನುಮತಿ ಇರುವ ಕಾಲೇಜು ಅಥವಾ ಸಂಸ್ಥೆಯ ಪ್ರಯೋಗಾಲಯದಲ್ಲಿ ಮಾತ್ರ ಈ ಪರೀಕ್ಷೆಗಳು ನಡೆಯಬೇಕು. ಎರಡನೆಯದಾಗಿ, ಈ ಖನಿಜದ ದೊಡ್ಡ ಅಪಾಯ ಹೊರಗಿನಿಂದ ತಾಗುವ ವಿಕಿರಣಕ್ಕಿಂತ ಒಳಗೆ ಸೇರುವ ಧೂಳಿನದು. ಇದು ನೀರಿನಲ್ಲಿ ಕರಗುವ ಖನಿಜವಾದ್ದರಿಂದ ಬಾಯಿಗೆ ಹೋದ ಪುಡಿಯಲ್ಲಿನ ಯುರೇನಿಯಂ ಸುಲಭವಾಗಿ ರಕ್ತಕ್ಕೆ ಸೇರಬಲ್ಲದು, ಮತ್ತು ಯುರೇನಿಯಂ ಮೊದಲು ಹಾಳುಮಾಡುವುದು ಮೂತ್ರಪಿಂಡಗಳನ್ನು. ಕೈಗವಸು, ಮುಖಗವಸು, ಮೇಜಿನ ಮೇಲೆ ಬಿಸಾಡಬಹುದಾದ ಕಾಗದ ಇರಲಿ. ಅಲ್ಲಿ ಚಹಾ ಲೋಟ ಬೇಡ.

ಮೊದಲು ಹತ್ತು ಪಟ್ಟು ಹಿಗ್ಗಿಸುವ ಕೈಮಸೂರದಿಂದ ನೋಡಬೇಕು. ಆಂಡರ್ಸೊನೈಟ್ ತ್ರಿಕೋನೀಯ ಹರಳು ವ್ಯೂಹಕ್ಕೆ ಸೇರಿದ್ದು, ಅದರ ಹರಳುಗಳು ಘನಾಕೃತಿಯನ್ನು ಹೋಲುವ ಪುಟ್ಟ ರಾಂಬೊಹೆಡ್ರನ್‌ಗಳಾಗಿರುತ್ತವೆ, ಅಂದರೆ ಓರೆಯಾದ ಘನಗಳಂತಿರುತ್ತವೆ. ಗಾಜಿನ ಹೊಳಪಿನ, ಹಳದಿ ಹಸಿರಿನ ಕಲ್ಲುಸಕ್ಕರೆ ಚೂರುಗಳಂತೆ ಕಾಣುತ್ತವೆ. ಶ್ರೋಕಿಂಗೆರೈಟ್ ಅಭ್ರಕದ ಹಾಗೆ ತೆಳ್ಳನೆಯ ಹಾಳೆಗಳಾಗಿ ಬೆಳೆಯುವುದರಿಂದ ಇಲ್ಲಿಯೇ ಬಹುಮಟ್ಟಿಗೆ ಬೇರ್ಪಡುತ್ತದೆ. ಆದರೆ ಹರಳಿನ ರೂಪವಿಲ್ಲದ ಪುಡಿ ಪದರವಾದರೆ ಮಸೂರದಿಂದ ಏನೂ ತೀರ್ಮಾನಿಸಲಾಗದು. ಗಡಸುತನ ಸುಮಾರು 2.5, ಅಂದರೆ ಉಗುರಿನ ಗಡಸುತನದ ಆಸುಪಾಸು; ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.8 ಗ್ರಾಂ. ಇದೇ ಬಳಗದ ಇನ್ನೊಂದು ಯುರೇನಿಯಂ ಕಾರ್ಬೊನೇಟಾದ ಲೀಬಿಗೈಟ್‌ನ ಸಾಂದ್ರತೆ 2.4ರ ಹತ್ತಿರ ಇರುವುದರಿಂದ, ಶುದ್ಧ ಕಾಳು ಸಿಕ್ಕರೆ ಈ ಅಂತರವೂ ಉಪಯೋಗಕ್ಕೆ ಬರುತ್ತದೆ.

ಮುಂದಿನದು ಅತಿನೇರಳೆ ದೀಪ. ಕತ್ತಲೆ ಕೋಣೆಯಲ್ಲಿ ದೀಪ ಹಿಡಿದರೆ ಆಂಡರ್ಸೊನೈಟ್ ನೀಲಿ ಛಾಯೆಯ ಹಸಿರಿನಲ್ಲಿ ಪ್ರಖರವಾಗಿ ಬೆಳಗುತ್ತದೆ. ನೋಟ ಬಹಳ ಚೆಂದ. ಆದರೆ ಅದನ್ನೇ ಪುರಾವೆಯೆಂದು ನಂಬಿ ಚೀಟಿ ಬರೆದುಬಿಡುವುದು ಸಂಗ್ರಾಹಕರು ಮಾಡುವ ಸಾಮಾನ್ಯ ತಪ್ಪು. ಬೆಳಗುವುದು ಖನಿಜದೊಳಗಿನ ಯುರೇನಿಲ್ ಅಯಾನು, ಅಂದರೆ ಒಂದು ಯುರೇನಿಯಂ ಮತ್ತು ಎರಡು ಆಕ್ಸಿಜನ್ ಸೇರಿದ ವಿದ್ಯುದಂಶವುಳ್ಳ ಕಣ. ಆ ಅಯಾನು ಲೀಬಿಗೈಟ್‌ನಲ್ಲೂ ಇದೆ, ಶ್ರೋಕಿಂಗೆರೈಟ್‌ನಲ್ಲೂ ಇದೆ, ಲೇಶಮಾತ್ರ ಯುರೇನಿಯಂ ಇರುವ ಗಾಜಿನಂಥ ಓಪಲ್ ಕಲ್ಲಿನಲ್ಲೂ ಇದೆ. ಆಟೂನೈಟ್‌ನಂತಹ ಯುರೇನಿಯಂ ಫಾಸ್ಫೇಟುಗಳು ಹೆಚ್ಚು ಹಳದಿ ಬೆರೆತ ಹಸಿರಿನಲ್ಲಿ ಬೆಳಗುತ್ತವೆಂಬುದು ನಿಜ, ಆದರೆ ಆ ಛಾಯೆಯ ಅಂತರವನ್ನು ಬರಿಗಣ್ಣಿಗೆ ಒಪ್ಪಿಸಿ ಸಹಿ ಹಾಕುವ ಧೈರ್ಯ ನನಗಿಲ್ಲ.

ಹಾಗಾಗಿ ಒಂದು ಹನಿ ನೀರಿನ ಪರೀಕ್ಷೆ. ಸಾಸಿವೆಗಿಂತ ಚಿಕ್ಕದಾದ ಕಾಳೊಂದನ್ನು ಗಾಜಿನ ಪಟ್ಟಿಯ ಮೇಲಿಟ್ಟು ಬಟ್ಟಿ ಇಳಿಸಿದ ನೀರಿನ ಒಂದು ಹನಿ ಬಿಟ್ಟು ಕಾಯಬೇಕು. ಆಂಡರ್ಸೊನೈಟ್ ಕರಗಿ ಹನಿಗೆ ನಸುಹಳದಿ ಬರುತ್ತದೆ, ಜೊತೆಗಿದ್ದ ಜಿಪ್ಸಂ ಬಹುಪಾಲು ಹಾಗೆಯೇ ಉಳಿಯುತ್ತದೆ. ಆಟೂನೈಟ್ ಕೂಡ ಕರಗದೆ ಉಳಿಯುವುದರಿಂದ, ದೀಪ ಬಗೆಹರಿಸದ ಅನುಮಾನವನ್ನು ಈ ಹನಿ ಬಗೆಹರಿಸುತ್ತದೆ. ಇನ್ನೊಂದು ಕಾಳಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಗುಳ್ಳೆಗಳೇಳುತ್ತವೆ; ಕಾರ್ಬೊನೇಟು ಎಂಬುದಕ್ಕೆ ಅದು ಸಾಕ್ಷಿ. ಆಮ್ಲದ ಹನಿಯನ್ನು ಮತ್ತೆ ಅತಿನೇರಳೆ ದೀಪದಡಿ ಹಿಡಿದು ಬೆಳಕು ಕುಂದಿತೆಂದು ಗಾಬರಿಪಡುವ ಅಗತ್ಯವಿಲ್ಲ, ಏಕೆಂದರೆ ಕ್ಲೋರೈಡ್ ಅಯಾನು ಯುರೇನಿಲ್‌ನ ಬೆಳಗುವಿಕೆಯನ್ನು ತಣಿಸುತ್ತದೆ.

ಧ್ರುವಿತ ಬೆಳಕಿನ ಸೂಕ್ಷ್ಮದರ್ಶಕ ಇದ್ದವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು, ಏಕೆಂದರೆ ಈ ಇಡೀ ಕ್ರಮದಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಹೇಳುವ ಹಂತ ಇದೇ. ಆಂಡರ್ಸೊನೈಟ್ ಏಕಾಕ್ಷೀಯ, ಅಂದರೆ ಬೆಳಕು ಎರಡು ಕಿರಣಗಳಾಗಿ ಒಡೆಯದೆ ಸಾಗುವ ದಿಕ್ಕು ಅದರಲ್ಲಿ ಒಂದೇ; ಧನಾತ್ಮಕ ಕೂಡ, ಅಂದರೆ ಆ ಎರಡು ಕಿರಣಗಳಲ್ಲಿ ಸಾಧಾರಣ ಕಿರಣದ ಅಂಕವೇ ಚಿಕ್ಕದು. ಅದರ ಎರಡು ವಕ್ರೀಭವನಾಂಕಗಳು, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಗಳು, 1.520 ಮತ್ತು 1.540. ಏಕಾಕ್ಷೀಯ ಹರಳಿನ ಚೂರು ಹೇಗೆ ಬಿದ್ದಿದ್ದರೂ, ಅದರೊಳಗಿನ ಎರಡು ಕಂಪನ ದಿಕ್ಕುಗಳಲ್ಲಿ ಒಂದು ಯಾವಾಗಲೂ ಸಾಧಾರಣ ಕಿರಣದ ಮೌಲ್ಯವನ್ನೇ, ಅಂದರೆ ಇಲ್ಲಿ 1.520 ಅನ್ನೇ, ತೋರಿಸುತ್ತದೆ. ಆದ್ದರಿಂದ 1.520 ಅಂಕದ ಎಣ್ಣೆಯಲ್ಲಿ ಚೂರುಗಳನ್ನು ಅದ್ದಿ, ಮೇಲಿನ ಧ್ರುವಕವನ್ನು ತೆಗೆದು ವೇದಿಕೆಯನ್ನು ತಿರುಗಿಸಿದರೆ, ಪ್ರತಿಯೊಂದು ಚೂರಿನ ಅಂಚೂ ಒಂದು ಸ್ಥಾನದಲ್ಲಿ ಎಣ್ಣೆಯೊಳಗೆ ಮಾಯವಾಗಬೇಕು. ಹತ್ತು ಚೂರು ನೋಡಿ, ಹತ್ತೂ ಹಾಗೆಯೇ ಮಾಯವಾದರೆ ನಂಬಿಕೆ ಬಲಿಯುತ್ತದೆ. ಲೀಬಿಗೈಟ್ ದ್ವಿಅಕ್ಷೀಯವಾಗಿದ್ದು, ಅಂದರೆ ಅಂತಹ ದಿಕ್ಕುಗಳು ಎರಡಿದ್ದು, 1.497, 1.502 ಮತ್ತು 1.539 ಎಂಬ ಮೂರು ಅಂಕಗಳನ್ನು ಹೊಂದಿರುವುದರಿಂದ ಅದರ ಚೂರುಗಳು ಹೀಗೆ ಒಂದೇ ಎಣ್ಣೆಗೆ ಮಣಿಯುವುದಿಲ್ಲ. ಬೇಲಿಯೈಟ್ ಮತ್ತು ಸ್ವಾರ್ಟ್‌ಜೈಟ್ ಕೂಡ ದ್ವಿಅಕ್ಷೀಯವೇ.

ಇನ್ನು ವರ್ಗೀಕರಣ. ಇದನ್ನು ಕಂಠಪಾಠ ಮಾಡುವುದಕ್ಕಿಂತ ಅಂಗಡಿಯ ಜಮಾ ಖರ್ಚಿನಂತೆ ಲೆಕ್ಕ ಹಾಕಿ ಕಲಿಯುವುದು ಮೇಲು. ಒಂದು ಯುರೇನಿಯಂ ಪರಮಾಣುವಿನ ಮೇಲೆ ಕೆಳಗೆ ಒಂದೊಂದು ಆಕ್ಸಿಜನ್ ಸೇರಿ ನೇರ ಕಡ್ಡಿಯಂತಹ ಯುರೇನಿಲ್ ಆಗುತ್ತದೆ. ಅದರ ವಿದ್ಯುದಂಶ ಧನ 2. ಅದರ ನಡುವಿಗೆ ಸುತ್ತುಪಟ್ಟಿಯಂತೆ ಮೂರು ಕಾರ್ಬೊನೇಟುಗಳು ಅಂಟಿಕೊಳ್ಳುತ್ತವೆ. ಅವುಗಳದು ಒಟ್ಟು ಋಣ 6. ಉಳಿದ ಋಣ 4 ಅನ್ನು ಯಾರು ತೀರಿಸುತ್ತಾರೆ ಎಂಬುದರ ಮೇಲೆ ಖನಿಜದ ಹೆಸರು ನಿಲ್ಲುತ್ತದೆ. ಎರಡು ಸೋಡಿಯಂ, ಒಂದು ಕ್ಯಾಲ್ಸಿಯಂ ತೀರಿಸಿದರೆ ಆಂಡರ್ಸೊನೈಟ್. ಎರಡು ಕ್ಯಾಲ್ಸಿಯಂ ಆದರೆ ಲೀಬಿಗೈಟ್. ಎರಡು ಮೆಗ್ನೀಸಿಯಂ ಆದರೆ ಬೇಲಿಯೈಟ್. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಒಂದೊಂದಾದರೆ ಸ್ವಾರ್ಟ್‌ಜೈಟ್. ಮೂರು ಪೊಟ್ಯಾಸಿಯಂ, ಒಂದು ಸೋಡಿಯಂ ಆದರೆ ಗ್ರಿಮ್ಸೆಲೈಟ್. ಶ್ರೋಕಿಂಗೆರೈಟ್‌ನಲ್ಲಿ ಒಂದು ಸಲ್ಫೇಟು ಮತ್ತು ಒಂದು ಫ್ಲೋರಿನ್ ಹೆಚ್ಚಾಗಿ ಸೇರಿ ಸಾಲ ಋಣ 7ಕ್ಕೆ ಏರುತ್ತದೆ, ಅದನ್ನು ಮೂರು ಕ್ಯಾಲ್ಸಿಯಂ ಮತ್ತು ಒಂದು ಸೋಡಿಯಂ ಸರಿಯಾಗಿ ತೀರಿಸುತ್ತವೆ. ನಿಮ್ಮ ವಿಶ್ಲೇಷಣೆಯ ಸೂತ್ರ ಹೀಗೆ ಸೊನ್ನೆಗೆ ಬರದಿದ್ದರೆ, ಹೊಸ ಖನಿಜ ಸಿಕ್ಕಿತೆಂದು ಸಂಭ್ರಮಿಸುವ ಮೊದಲು ಮಾದರಿಯಲ್ಲಿ ಜಿಪ್ಸಂ ಬೆರೆತಿದೆಯೇ ಎಂದು ನೋಡುವುದು ಲೇಸು.

ಖನಿಜಗಳನ್ನು ರಾಸಾಯನಿಕ ರಚನೆಯಂತೆ ವಿಂಗಡಿಸುವ ಸ್ಟ್ರುಂಜ್ ಪದ್ಧತಿಯೂ ಇದೇ ದಾರಿಯಲ್ಲಿ ನಡೆಯುತ್ತದೆ. ಕಾರ್ಬೊನೇಟುಗಳು ಐದನೆಯ ವರ್ಗ, ಅದರಲ್ಲಿ ಯುರೇನಿಲ್ ಕಾರ್ಬೊನೇಟುಗಳು ಇ ವಿಭಾಗ. ಒಂದು ಯುರೇನಿಲ್‌ಗೆ ಒಂದೇ ಕಾರ್ಬೊನೇಟು ಇರುವ ರುದರ್‌ಫೋರ್ಡೀನ್ ಇಬಿ ಗುಂಪಿನಲ್ಲಿ, ಒಂದಕ್ಕೆ ಮೂರು ಇರುವ ಆಂಡರ್ಸೊನೈಟ್ ಮತ್ತು ಅದರ ಬಳಗ ಇಡಿ ಗುಂಪಿನಲ್ಲಿ, ಸಲ್ಫೇಟು ಬೆರೆತ ಶ್ರೋಕಿಂಗೆರೈಟ್ ಇಜಿ ಗುಂಪಿನಲ್ಲಿ ಬರುತ್ತವೆ. ಆಂಡರ್ಸೊನೈಟ್‌ನ ಸಂಖ್ಯೆ 5.ಇಡಿ.30.

ಆಂಡರ್ಸೊನೈಟ್‌ನ ಸೂತ್ರದಲ್ಲಿ ನೀರಿನ ಅಣುಗಳನ್ನು ಮೊದಲಿನಿಂದ ಆರು ಎಂದು ಬರೆಯುತ್ತ ಬಂದಿದ್ದಾರೆ. ನಂತರದ ಹರಳು ರಚನೆಯ ಅಧ್ಯಯನಗಳು ಐದರಿಂದ ಆರರ ನಡುವಿನ ಸಂಖ್ಯೆಯನ್ನು ಹೇಳುತ್ತವೆ. ಆರು ಎಂದಿಟ್ಟುಕೊಂಡರೆ ಪರಮಾಣು ತೂಕದ ಲೆಕ್ಕದಲ್ಲಿ ಸೋಡಿಯಂ 46, ಕ್ಯಾಲ್ಸಿಯಂ 40, ಯುರೇನಿಲ್ 270, ಕಾರ್ಬೊನೇಟು 180, ನೀರು 108, ಒಟ್ಟು 644; ಅದರಲ್ಲಿ ಯುರೇನಿಯಂ 238, ಅಂದರೆ ತೂಕದಲ್ಲಿ ಸುಮಾರು 37 ಶೇಕಡಾ. ಆದರೆ ವಿಕಿರಣ ಎಣಿಸುವ ಗೈಗರ್ ಗಣಕದ ಸಂಖ್ಯೆಯಿಂದ ಈ ಪ್ರಮಾಣವನ್ನು ಊಹಿಸಲು ಹೋದರೆ ಮೋಸಹೋಗುತ್ತೀರಿ. ನೀರಿನಲ್ಲಿ ಕರಗಿ ಬಂದ ಯುರೇನಿಯಂ ತಾನು ಕ್ಷಯಿಸುವಾಗ ಹುಟ್ಟಿದ ಸಂತಾನವಾದ ಥೋರಿಯಂ ಮತ್ತು ರೇಡಿಯಂಗಳನ್ನು ಬಹುಮಟ್ಟಿಗೆ ಹಿಂದೆಯೇ ಬಿಟ್ಟು ಬಂದಿರುತ್ತದೆ. 24 ದಿನಗಳ ಅರ್ಧಾಯುಷ್ಯದ ಥೋರಿಯಂ-234 ಕೆಲವೇ ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ರೇಡಿಯಂ ತುಂಬಿಕೊಳ್ಳಲು ಮಾತ್ರ ಲಕ್ಷಾಂತರ ವರ್ಷ ಬೇಕು. ಹೀಗಾಗಿ ನಿನ್ನೆ ಮೊನ್ನೆ ಗೋಡೆಯ ಮೇಲೆ ಮೂಡಿದ ಸವಳು, ಅಷ್ಟೇ ಯುರೇನಿಯಂ ಇರುವ ಹಳೆಯ ಪಿಚ್‌ಬ್ಲೆಂಡ್ ಎಂಬ ಯುರೇನಿಯಂ ಅದಿರಿಗಿಂತ ಗಣಕದಲ್ಲಿ ಸಪ್ಪೆಯಾಗಿ ಕಾಣುತ್ತದೆ.

ಕೊನೆಯ ಮಾತು ಕ್ಷ-ಕಿರಣ ವಿವರ್ತನೆಯದು, ಅಂದರೆ ಹರಳಿನೊಳಗಿನ ಪರಮಾಣು ಪದರಗಳ ಅಂತರವನ್ನು ಅಳೆಯುವ ಪರೀಕ್ಷೆಯದು. ಆಂಡರ್ಸೊನೈಟ್‌ನ ಹೆಗ್ಗುರುತು 13 ಆಂಗ್‌ಸ್ಟ್ರಮ್ ಅಂತರದ ಪ್ರಬಲ ಗೆರೆ. ತಾಮ್ರದಿಂದ ಹೊರಡಿಸಿದ ಕ್ಷ-ಕಿರಣದಲ್ಲಿ ಅದು ಸುಮಾರು 6.8 ಡಿಗ್ರಿಯಲ್ಲಿ ಬರುತ್ತದೆ. ಅನೇಕ ಪ್ರಯೋಗಾಲಯಗಳಲ್ಲಿ ಅಭ್ಯಾಸಬಲದಿಂದ 10 ಡಿಗ್ರಿಯಿಂದ ಅಳತೆ ಶುರುಮಾಡುತ್ತಾರೆ. ಹಾಗೆ ಮಾಡಿದರೆ ಬೇಕಾದ ಗೆರೆಯೇ ತಪ್ಪಿಹೋಗುತ್ತದೆ. 5 ಡಿಗ್ರಿಯಿಂದ ಆರಂಭಿಸುವಂತೆ ಮೊದಲೇ ಕೇಳಿಕೊಳ್ಳಿ. ಲೀಬಿಗೈಟ್‌ಗೆ 13ರ ಗೆರೆಯೇ ಇಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವಿಶ್ಲೇಷಿಸುವುದಾದರೆ ನಿರ್ವಾತದಲ್ಲಿ ನೀರು ಹಾರಿಹೋಗುತ್ತದೆ, ಕಿರಣದ ಕೆಳಗೆ ಸೋಡಿಯಂ ಜಾರಿಕೊಳ್ಳುತ್ತದೆ. ಸೋಡಿಯಂ ಕಡಿಮೆ ಬಂದಾಗ ಖನಿಜವನ್ನು ದೂರುವ ಮೊದಲು ಕಿರಣವನ್ನು ಅಗಲವಾಗಿ ಹರಡಿ ಮತ್ತೊಮ್ಮೆ ಅಳೆಯಬೇಕು.

ಮಾದರಿಯನ್ನು ಎಂದಿಗೂ ತೊಳೆಯಬಾರದು. ಧೂಳು ಕೂತಿದ್ದರೆ ಮೆತ್ತನೆಯ ಒಣ ಕುಂಚದಿಂದ, ಗಾಳಿ ಹೀರುವ ಕಪಾಟಿನೊಳಗೆ ಮಾತ್ರ ಸರಿಸಬೇಕು. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಮಳೆಗಾಲದ ತೇವವೂ ಬೇಸಿಗೆಯ ಅತಿ ಒಣಗಾಳಿಯೂ ತಾಗದ ಕಪಾಟಿನಲ್ಲಿ ಇಡಬೇಕು. ಡಬ್ಬಿಯ ಚೀಟಿಯಲ್ಲಿ ಖನಿಜದ ಹೆಸರು, ಸಿಕ್ಕಿದ ಗಣಿ, ತೆಗೆದ ದಿನಾಂಕ, ವಿಕಿರಣದ ಗುರುತು ಇವುಗಳ ಜೊತೆಗೆ ಆ ಹೆಸರು ಯಾವ ಪರೀಕ್ಷೆಯಿಂದ ಬಂತೆಂಬುದನ್ನೂ ಬರೆಯಿರಿ: ದೀಪದಿಂದ ಮಾತ್ರವೋ, ಎಣ್ಣೆಯಿಂದಲೋ, ವಿವರ್ತನೆಯಿಂದಲೋ.