ಕಿತ್ತಳೆ ಸಿಪ್ಪೇಲಿ ಎಣ್ಣೆ ಬೇರೆ, ಪೆಕ್ಟಿನ್ ಬೇರೆ: ನನ್ನ ಅನುಭವ

ಹಣ್ಣಿನ ಸಿಪ್ಪೆ ಉಪಯೋಗ ಅಂತ ಹುಡುಕಿದ್ರೆ ಸಿಗೋದೆಲ್ಲ ಮುಖಕ್ಕೆ ಹಚ್ಚಿ, ಹಲ್ಲಿಗೆ ಉಜ್ಜಿ ಅನ್ನೋದೇ. ಅದನ್ನೆಲ್ಲ ಬಿಟ್ಟು ಲ್ಯಾಬಲ್ಲಿ ನಿಜವಾಗ್ಲೂ ಏನ್ ಮಾಡಿದಾರೆ, ಅದ್ರಲ್ಲಿ ಅಡುಗೆಮನೆ ಪಾತ್ರೇಲಿ ಆಗೋದು ಯಾವ್ದು ಅಂತ ಓದ್ತಾ ಮಾಡ್ತಾ ನಾನು ಕಿತ್ತಳೆ ಸಿಪ್ಪೆಗೇ ಅಂಟ್ಕೊಂಡ್‌ಬಿಟ್ಟಿದೀನಿ. ಹೊರಗಿನ ಬಣ್ಣದ ಪದರ ಒಂದು, ಒಳಗಿನ ಬಿಳಿ ಪದರ ಇನ್ನೊಂದು, ಇವೆರಡನ್ನ ಮೊದ್ಲೇ ಬೇರೆ ಮಾಡ್ಕೊಂಡ್ರೆ ಅರ್ಧ ಕೆಲಸ ಮುಗೀತು. ಒಟ್ಟಿಗೆ ಹಾಕಿ ಬೇಯಿಸಿದ್ರೆ ಎಣ್ಣೆ ಹಬೇಲಿ ಹೋಗತ್ತೆ, ಪೆಕ್ಟಿನ್ (ಜ್ಯಾಮನ್ನ ಗಟ್ಟಿ ಮಾಡೋ ಅಂಶ) ಕಹಿ ಆಗತ್ತೆ.

ಸುಲಿಯೋಕ್ ಮುಂಚೆ ಹಣ್ಣನ್ನ ಅಡುಗೆ ಸೋಡಾ ನೀರಲ್ಲಿ ನೆನೆಸಿಡ್ತೀನಿ. 2017ರಲ್ಲಿ ಅಮೆರಿಕದಲ್ಲಿ ಸೇಬಿನ ಮೇಲೆ ಮಾಡಿದ ಸಂಶೋಧನೇಲಿ 1% ಸೋಡಾ ನೀರಲ್ಲಿ 12ರಿಂದ 15 ನಿಮಿಷ ಇಟ್ರೆ ಮೇಲ್ಮೈಲಿದ್ದ ಎರಡು ಕೀಟನಾಶಕಗಳು ಹೋದ್ವು, ಆದ್ರೆ ಸಿಪ್ಪೆ ಒಳಗೆ ಇಳಿದದ್ದು ಪೂರ್ತಿ ಹೋಗ್ಲಿಲ್ಲ. ಹಾಗಾಗಿ ಔಷಧಿ ಹೊಡೆಯದ ಹಣ್ಣು ಸಿಕ್ರೆ ಅದೇ ಒಳ್ಳೇದು.

ಬಣ್ಣದ ಪದರಾನ ಪೀಲರಲ್ಲಿ ತೆಳ್ಳಗೆ ತೆಗೀರಿ. ಬೆಳಕಿಗೆ ಹಿಡಿದು ನೋಡಿದ್ರೆ ಸಣ್ಣ ಸಣ್ಣ ಚುಕ್ಕಿ ಕಾಣತ್ತಲ್ಲ, ಅವೇ ಎಣ್ಣೆ ಚೀಲಗಳು. ಆ ಎಣ್ಣೇಲಿ 90%ಗಿಂತ ಜಾಸ್ತಿ ಲಿಮೊನೀನ್ ಅನ್ನೋ ರಾಸಾಯನಿಕ. ಸಿಪ್ಪೆ ಮಡಚಿ ಹಿಂಡಿದಾಗ ಹಾರೋ ತುಂತುರನ್ನ ಗಾಜಿನ ಬಟ್ಲಲ್ಲಿ ಹಿಡಿದ್ರೂ ಸಾಕು, ಡಿಸ್ಟಿಲೇಷನ್ (ಭಟ್ಟಿ ಇಳಿಸೋ) ಸೆಟ್ ಬೇಕಂತಿಲ್ಲ. ಒಂದ್ ತೊಟ್ಟು ಥರ್ಮಾಕೋಲ್ ಮೇಲೆ ಬಿಡಿ, ಬಿದ್ದ ಜಾಗ ಹಾಗೇ ಕುಸಿದು ಗುಂಡಿ ಆಗತ್ತೆ, ಅಂಚು ಅಂಟಂಟಾಗತ್ತೆ. ಉರಿದದ್ದಲ್ಲ ಅದು, ಥರ್ಮಾಕೋಲ್ ಮಾಡೋ ಪ್ಲಾಸ್ಟಿಕ್, ಅಂದ್ರೆ ಪಾಲಿಸ್ಟೈರೀನ್, ಲಿಮೊನೀನಲ್ಲಿ ಕರಗಿ ಒಳಗಿದ್ದ ಗಾಳಿ ಹೊರಗೆ ಹೋಯ್ತು ಅಷ್ಟೇ. ಹೀಗೆ ಥರ್ಮಾಕೋಲ್ ಕುಗ್ಗಿಸಿ ರೀಸೈಕಲ್ ಮಾಡೋ ವಿಧಾನಾನ ಜಪಾನಿನ ಸೋನಿ ಕಂಪನಿ 1990ರ ದಶಕದಲ್ಲೇ ಮಾಡಿತ್ತು. ನಾನಂತೂ ಈ ಎಣ್ಣೆನ ಸ್ಟಿಕ್ಕರ್ ಗಮ್ ತೆಗೆಯೋಕೆ ಬಳಸ್ತೀನಿ, ಪ್ಲಾಸ್ಟಿಕ್ ಮೇಲಾದ್ರೆ ಹುಷಾರು. ಬೆಂಕಿ ಹತ್ರ ಇಡ್ಬೇಡಿ, ಬೇಗ ಹತ್ಕೊಳ್ಳತ್ತೆ. ಗಾಳಿ ತಾಗಿ ಹಳೇದಾದ ಲಿಮೊನೀನ್ ಚರ್ಮಕ್ಕೆ ಅಲರ್ಜಿ ಮಾಡತ್ತೆ, ಅದಕ್ಕೇ ಮುಖಕ್ಕೆ ಹಚ್ಚಿ ಅನ್ನೋರ ಮೇಲೆ ನಂಗೆ ಸಿಟ್ಟು.

ಇನ್ನು ಬಿಳಿ ಪದರ, ನನ್ನ ಇಷ್ಟದ ಭಾಗ. ಪೆಕ್ಟಿನ್‌ಗೆ ಆ ಹೆಸರು ಕೊಟ್ಟಿದ್ದು 1825ರಲ್ಲಿ ಫ್ರಾನ್ಸಿನ ಹೆನ್ರಿ ಬ್ರಾಕೊನೊ. ಜೀವಕೋಶದ ಗೋಡೆಗೆ ಕಚ್ಕೊಂಡಿರೋ ಇದು ಬರೀ ನೀರಿಗೆ ಸುಲಭಕ್ಕೆ ಬಿಡಲ್ಲ, ಹುಳಿ ಮತ್ತೆ ಬಿಸಿ ಎರಡೂ ಬೇಕು. ಸಣ್ಣಗೆ ಹೆಚ್ಚಿ, ನೀರು ಬದಲಾಯಿಸ್ತಾ ನೆನೆಸಿ ಕಹಿ ತೆಗೆದು, ನಿಂಬೆರಸ ಹಾಕಿ ಸಣ್ಣ ಉರೀಲಿ ಕುದಿ ಬರೋಕೆ ಸ್ವಲ್ಪ ಮುಂಚೆಯ ಬಿಸೀಲೇ ಇಡ್ತೀನಿ, ಲ್ಯಾಬಲ್ಲೂ 80ರಿಂದ 90 ಡಿಗ್ರೀನೇ. ತುಂಬಾ ಹೊತ್ತು ಕುದಿಸಿದ್ರೆ ಪೆಕ್ಟಿನ್ನಿನ ಉದ್ದ ಸರಪಳಿ ತುಂಡಾಗಿ ಆಮೇಲೆ ಗಟ್ಟಿನೇ ಆಗಲ್ಲ. ಹತ್ತಿ ಬಟ್ಟೇಲಿ ಸೋಸಿ, ಆರಿದ ಮೇಲೆ ಒಂದ್ ಚಮಚ ತೆಗೆದು ಸ್ಪಿರಿಟ್ಟಿಗೆ (ಆಲ್ಕೋಹಾಲಿಗೆ) ಹಾಕಿ ನೋಡಿ. ಪೆಕ್ಟಿನ್ ಚೆನ್ನಾಗಿದ್ರೆ ನೋಡ್ತಿದ್ದಂಗೆ ಲೋಳೆ ಲೋಳೆ ಮುದ್ದೆ ಕಟ್ಟಿ ಫೋರ್ಕಲ್ಲಿ ಎತ್ತಿದ್ರೆ ಹಾಗೇ ನೇತಾಡತ್ತೆ, ಕಮ್ಮಿ ಇದ್ರೆ ಎಳೆ ಎಳೆಯಾಗಿ ಚದುರತ್ತೆ, ಆಗ ಇನ್ನಷ್ಟು ಬತ್ತಿಸ್ಬೇಕು. ಪರೀಕ್ಷೆ ಮಾಡಿದ್ದನ್ನ ಚೆಲ್ಲಿ, ಬಾಯಿಗೆ ಹಾಕ್ಬೇಡಿ! ಜ್ಯಾಮಿಗೆ ಹಾಕೋರು ನೆನಪಿಡಿ, ಈ ಪೆಕ್ಟಿನ್ ಗಟ್ಟಿಯಾಗೋಕೆ ಪಿಎಚ್ (ಹುಳಿಯ ಅಳತೆ) 3ರ ಆಸುಪಾಸು ಹುಳಿನೂ 55%ಗಿಂತ ಹೆಚ್ಚು ಸಕ್ಕರೆನೂ ಬೇಕೇ ಬೇಕು.

ಬೇರೆ ಸಿಪ್ಪೆಗಳ ಬಗ್ಗೆನೂ ಒಂದೆರಡು ಮಾತು. ಬಾಳೆ ಸಿಪ್ಪೆ ನೀರಿನಲ್ಲಿರೋ ಸೀಸ, ತಾಮ್ರ ಹಿಡ್ಕೊಳ್ಳತ್ತೆ ಅಂತ 2011ರಲ್ಲಿ ಬ್ರೆಜಿಲ್ ವಿಜ್ಞಾನಿಗಳು ತೋರಿಸಿದ್ದು ನಿಜ, ಆದ್ರೆ ಅದನ್ನ ನಂಬಿ ಕುಡಿಯೋ ನೀರಿಗೆ ಸಿಪ್ಪೆ ಹಾಕೋದು ಬೇಡ, ಸಿಪ್ಪೆ ಕೊಳೆತು ನೀರೇ ಕೆಡತ್ತೆ. ದಾಳಿಂಬೆ ಸಿಪ್ಪೆ ಬೇಯಿಸಿ ಪಟಿಕ ಹಾಕಿದ ಹತ್ತಿ ಬಟ್ಟೆ ಅದ್ದಿದ್ರೆ ಹಳದಿ, ಕಬ್ಬಿಣದ ನೀರು ಸೇರಿದ್ರೆ ಕಪ್ಪಿಗೆ ತಿರುಗತ್ತೆ, ಅದ್ರಲ್ಲಿರೋ ಟ್ಯಾನಿನ್ ಅನ್ನೋ ಒಗರು ಅಂಶದ ಕೆಲಸ ಅದು.

ಉಳಿದ ಚರಟ ಕಾಂಪೋಸ್ಟಿಗೆ. ಎಣ್ಣೆ ತೆಗೆದ ಸಿಪ್ಪೆ ಬೇಗ ಕೊಳೆಯತ್ತೆ, ಲಿಮೊನೀನ್ ಸೂಕ್ಷ್ಮಜೀವಿಗಳಿಗೆ ಆಗಿಬರಲ್ಲ. ಹಾಗಂತ ಎಣ್ಣೆ ಇದ್ರೆ ಕೊಳೆಯೋದೇ ಇಲ್ಲ ಅಂತಲ್ಲ, ಕೋಸ್ಟರಿಕಾದಲ್ಲಿ 1990ರ ದಶಕದಲ್ಲಿ ಬರಡು ಜಾಗಕ್ಕೆ ಸುರಿದ ಸುಮಾರು 12,000 ಟನ್ ಕಿತ್ತಳೆ ಸಿಪ್ಪೆ, ತಿರುಳು ಎಲ್ಲಾ ಮಣ್ಣಾಗಿ, 16 ವರ್ಷ ಬಿಟ್ಟು ನೋಡಿದ್ರೆ ಅಲ್ಲಿ ಪಕ್ಕದ ಜಾಗಕ್ಕಿಂತ ದಟ್ಟ ಕಾಡು ಬೆಳೆದಿತ್ತು. ನಮ್ ಡಬ್ಬ ಅಷ್ಟು ದೊಡ್ಡದಲ್ಲ, ಒಂದು ಪಾಲು ಸಿಪ್ಪೆಗೆ ಎರಡು ಪಾಲು ಒಣ ಎಲೆ ಸೇರಿಸಿ, ಹಸಿರು ಬೂಷ್ಟು ಬಂದ್ರೆ ಹೆದರ್ಬೇಡಿ, ತಿರುವಿ ಹಾಕಿ.