ಗಿಡ ಬಾಡಿದರೆ ಮೊದಲು ಗ್ಲಾಸು ನೀರು, ಆಮೇಲೆ ಮದ್ದು

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಅಡಿಕೆ ತೋಟ ಇರುವ ಮನೆಗಳಲ್ಲಿ ಮೈಲುತುತ್ತು, ಸುಣ್ಣ ಹೇಗೂ ಇರುತ್ತದೆ. ಹಾಗಾಗಿ ಅಂಗಳದ ಬದನೆ ಬಾಡಿದರೂ ಅವೆರಡನ್ನು ನೀರಲ್ಲಿ ಬೆರೆಸಿದ ಬೋರ್ಡೊ ದ್ರಾವಣ, ಹಾಗಲದ ಎಲೆ ಮುರುಟಿದರೂ ಬೋರ್ಡೊ. ಅಡಿಕೆಯ ಕೊಳೆರೋಗಕ್ಕೆ ಅದು ಸರಿ. ಬಾಡಿದ ಬದನೆಗೆ ಅದರಿಂದ ಕವಡೆಯ ಪ್ರಯೋಜನ ಇಲ್ಲ. ಹಾಗಲ, ಸೌತೆಯ ಎಳೆ ಎಲೆಗಳಂತೂ ಸುಟ್ಟುಹೋಗುವುದೂ ಉಂಟು.

ಬದನೆ, ಟೊಮೆಟೊ, ಮೆಣಸಿನಲ್ಲಿ ಮೊದಲು ನೋಡಬೇಕಾದ್ದು ಬಾಡಿದ ರೀತಿ. ಬದನೆಯ ಒಂದೇ ಕುಡಿ ಜೋತು, ಉಳಿದ ಗಿಡ ಸೆಟೆದು ನಿಂತಿದ್ದರೆ ಅದು ಕುಡಿ ಕೊರೆಯುವ ಹುಳು. ಬಾಡಿದ ಜಾಗದಿಂದ ಒಂದು ಬೆರಳಿನಷ್ಟು ಕೆಳಗೆ ಕತ್ತರಿಸಿ ಸುಟ್ಟುಬಿಡಿ, ಹೊಸ ಕುಡಿ ಬರುತ್ತದೆ. ಇಡೀ ಗಿಡ ಎಲೆ ಹಸುರಾಗಿರುವಾಗಲೇ ಜೋತು, ಬೆಳಗ್ಗೆ ತುಸು ಚೇತರಿಸಿ, ಮಧ್ಯಾಹ್ನ ಪುನಃ ಬಿದ್ದರೆ ಸೊರಗುರೋಗದ ಗುಮಾನಿ ಇಟ್ಟುಕೊಳ್ಳಿ.

ಗುಮಾನಿ ಪರಿಹರಿಸಲು ಗಾಜಿನ ಗ್ಲಾಸು ಸಾಕು. ನೆಲದಿಂದ ಸ್ವಲ್ಪ ಮೇಲೆ, ಕಾಂಡದ ಎರಡು ಇಂಚಿನ ತುಂಡು ಕತ್ತರಿಸಿ. ತಿಳಿನೀರು ತುಂಬಿದ ಗ್ಲಾಸಿನಲ್ಲಿ ಅದರ ಕೆಳತುದಿ ಮಾತ್ರ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಿರಿ; ಹಿಂದೆ ಕಪ್ಪು ಬಟ್ಟೆ ಇದ್ದರೆ ಚೆನ್ನಾಗಿ ಕಾಣುತ್ತದೆ. ಐದು ನಿಮಿಷದೊಳಗೆ ಹಾಲಿನಂಥ ಬಿಳಿ ಎಳೆ ಕೆಳಕ್ಕೆ ಇಳಿದರೆ ಅದು ಸೊರಗುರೋಗದ ಬ್ಯಾಕ್ಟೀರಿಯಾ. ಎಳೆ ಬರಲಿಲ್ಲವೇ, ಗಿಡ ಕಿತ್ತು ಬೇರು ನೋಡಿ. ಬೇರಿನಲ್ಲಿ ಗಂಟುಗಂಟಾಗಿದ್ದರೆ ಜಂತುಹುಳು, ಬುಡ ಕಪ್ಪಾಗಿ ಮೆತ್ತಗಾಗಿದ್ದರೆ ನೀರು ನಿಂತು ಬಂದ ಕೊಳೆ.

ಹಾಲಿನೆಳೆ ಕಂಡ ಗಿಡಕ್ಕೆ ಮದ್ದಿಲ್ಲ. ಬುಡದ ಮಣ್ಣು ಸಮೇತ ಕಿತ್ತು ಹೊರಗೆ ಹಾಕಿ, ಗೊಬ್ಬರಗುಂಡಿಗೆ ಬೇಡ. ಕತ್ತಿಯನ್ನೂ ತೊಳೆಯಿರಿ. ಆ ಸಾಲಿನ ನೀರು ಕೆಳಗಿನ ಸಾಲಿಗೆ ಹರಿದರೆ ರೋಗವೂ ಹರಿಯಿತೆಂದೇ ಲೆಕ್ಕ. ಎರಡು ಮೂರು ವರ್ಷ ಅಲ್ಲಿ ಬದನೆಯ ಬಳಗ (ಟೊಮೆಟೊ, ಮೆಣಸೂ ಸೇರಿ) ಬೇಡ. ಅಲಸಂಡೆ, ಬೆಂಡೆ, ಹರಿವೆ ಹಾಕಿ.

ನಮ್ಮ ಮುರಮಣ್ಣು ಹುಳಿ, ಮೇಲಿಂದ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ. ಸೊರಗುರೋಗಕ್ಕೆ ಇದಕ್ಕಿಂತ ಹಿತವಾದ ಜಾಗ ಬೇರೆ ಬೇಡ. ನೆಡುವುದಕ್ಕೆ ಹದಿನೈದು ದಿನ ಮೊದಲು ಒಂದು ಸೆಂಟ್ಸಿಗೆ (ಎಕರೆಯ ನೂರರಲ್ಲೊಂದು ಪಾಲು) ಎರಡು ಕಿಲೊ ಸುಣ್ಣ ಬೆರೆಸಿ. ಹಟ್ಟಿಗೊಬ್ಬರ ಅದೇ ದಿನ ಬೆರೆಸಿದರೆ ಸಾರಜನಕ ಆವಿಯಾಗಿ ಹೋಗುತ್ತದೆ, ಹಾಗಾಗಿ ಅದನ್ನು ಆಮೇಲೆ ಹಾಕಿ. ಸಸಿಯ ಬೇರನ್ನು ಲೀಟರಿಗೆ 20 ಗ್ರಾಂ ಸ್ಯೂಡೊಮೊನಾಸ್ (ರೋಗಾಣುವನ್ನು ತಡೆಯುವ ಉಪಕಾರಿ ಬ್ಯಾಕ್ಟೀರಿಯಾದ ಪುಡಿ) ಕದಡಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ ನೆಡಿ. ಎಲ್ಲಕ್ಕಿಂತ ಸುಲಭ, ರೋಗ ತಡೆಯುವ ತಳಿ ಹಾಕುವುದು: ಕೇರಳ ಕೃಷಿ ವಿಶ್ವವಿದ್ಯಾಲಯದ ಟೊಮೆಟೊ ‘ಶಕ್ತಿ’, ‘ಅನಘ’, ಬದನೆ ‘ಸೂರ್ಯ’, ‘ಹರಿತ’, ಮೆಣಸು ‘ಉಜ್ವಲ’, ‘ಅನುಗ್ರಹ’. ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿ.

ಇನ್ನು ಚಪ್ಪರದ ಮೇಲಿನ ಕಳ್ಳ, ಹಣ್ಣುನೊಣ. ಹಾಗಲ, ಪಡುವಲ, ಹೀರೆಯ ಮಿಡಿಯನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದಲ್ಲಿ ಅಂಟಿನ ಸಣ್ಣ ಹನಿ, ಆಮೇಲೆ ಕಾಯಿ ಸೊಟ್ಟಗಾಗಿ ಹಳದಿಯಾಗಿ ಬೀಳುತ್ತದೆ. ಬಿದ್ದ ಕಾಯಿಯನ್ನು ಚಪ್ಪರದಡಿಯಲ್ಲೇ ಬಿಟ್ಟರೆ ಹುಳು ಮಣ್ಣಿಗೆ ಇಳಿದು ಕೋಶ ಕಟ್ಟಿ ಹೊಸ ನೊಣವಾಗುತ್ತದೆ. ದಿನಾ ಹೆಕ್ಕಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬಿಸಿಲಲ್ಲಿಡಿ. ಮಿಡಿಯ ತುದಿಯ ಹೂ ಬಾಡಿದ ಮರುದಿನವೇ ಕಾಗದದ ಅಥವಾ ಬಟ್ಟೆಯ ಚೀಲ ಕಟ್ಟಿ. ತಡವಾದರೆ ನೊಣವನ್ನು ಚೀಲದೊಳಗೇ ಸಾಕಿದ ಹಾಗೆ. ವಾಸನೆಯಿಂದ ನೊಣವನ್ನು ಸೆಳೆಯುವ ಕ್ಯೂ-ಲೂರ್ ಟ್ರ್ಯಾಪ್ ಹದಿನೈದು ಸೆಂಟ್ಸಿಗೆ ಒಂದು ಸಾಕು, ಹೂ ಬಿಡುವ ಮೊದಲೇ ತೂಗಿಸಿ. ಅದಕ್ಕೆ ಬೀಳುವುದು ಗಂಡುನೊಣ ಮಾತ್ರ. ಹಾಗಾಗಿ ಟ್ರ್ಯಾಪ್ ತುಂಬಿದೆ ಎಂದು ಹೆಕ್ಕುವುದು ನಿಲ್ಲಿಸಬೇಡಿ.

ಅಲಸಂಡೆಯ ಕುಡಿಯಲ್ಲಿ ಕರಿಹೇನು, ಬುಡದಿಂದ ಇರುವೆ ಸಾಲು: ಇದಕ್ಕೆ ಬೇವಿನೆಣ್ಣೆ–ಬೆಳ್ಳುಳ್ಳಿ. ಲೀಟರು ನೀರಿಗೆ ಬೇವಿನೆಣ್ಣೆ 20 ಮಿ.ಲೀ., ಅರೆದು ಸೋಸಿದ ಬೆಳ್ಳುಳ್ಳಿ 20 ಗ್ರಾಂ, ಬಟ್ಟೆಸಾಬೂನು 5 ಗ್ರಾಂ. ಸಾಬೂನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಎಣ್ಣೆಯನ್ನು ಅದಕ್ಕೆ ಹೊಯ್ದು ಹಾಲಿನಂತಾಗುವವರೆಗೆ ಕಡೆಯಿರಿ, ಉಳಿದದ್ದು ಆಮೇಲೆ. ಎಣ್ಣೆ ಮೇಲೆ ತೇಲಿದರೆ ಪಂಪಿನ ಕೊನೆಯ ಲೋಟ ಎಲೆ ಸುಡುತ್ತದೆ. ಸಂಜೆ, ಎಲೆಯ ಅಡಿಗೆ, ಅದೇ ದಿನ ಮುಗಿಸಿ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಈ ಜಿಲ್ಲೆಯಲ್ಲಿ, ಮನೆಯವರೇ ತಿನ್ನುವ ಅಲಸಂಡೆಗೆ ಇದಕ್ಕಿಂತ ಖಾರದ ಮದ್ದು ಯಾಕೆ ಬೇಕು?

ಬೆಂಡೆಯ ಎಲೆಯ ನರ ಹಳದಿಯಾದರೆ ಕಿತ್ತುಬಿಡಿ. ಬಿಳಿನೊಣ ಹರಡುವ ವೈರಸ್ ಅದು. ಮುಂದಿನ ಸಲ ಈ ರೋಗವನ್ನು ಒಂದಷ್ಟು ತಡೆಯುವ ‘ಅರ್ಕಾ ಅನಾಮಿಕಾ’ ತಳಿ ಹಾಕಿ.

ಮಳೆಗಾಲದ ಆಫ್ರಿಕನ್ ಬಸವನಹುಳಕ್ಕೆ ಸಂಜೆ ಒದ್ದೆ ಗೋಣಿಯಡಿ ಪಪ್ಪಾಯಿ ಎಲೆ ಇಟ್ಟು, ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ. ಬರಿಗೈ ಬೇಡ, ಅದರ ಲೋಳೆಯಲ್ಲಿ ಮನುಷ್ಯರಿಗೂ ತಗಲುವ ಜಂತು ಇರಬಹುದು. ಹೆಕ್ಕಿದ್ದನ್ನು ಬಾಲ್ದಿಯ ಉಪ್ಪುನೀರಿಗೆ ಹಾಕಿ. ಉಪ್ಪನ್ನು ಸಾಲಿಗೆ ಎರಚಿದರೆ ಹುಳದ ಜೊತೆ ಹರಿವೆಯೂ ಹೋಗುತ್ತದೆ.