ಚರ್ಚ್ ಬ್ಯಾಂಡ್ ರೆಕಾರ್ಡಿಂಗ್: ಮಲ್ಟಿಟ್ರ್ಯಾಕ್ ಕೊಳ್ಳುವ ಮುಂಚೆ ನೋಡಬೇಕಾದ್ದು

ಕ್ರಿಸ್‌ಮಸ್ ಹತ್ತಿರ ಬಂತು ಅಂದರೆ ಕಾರವಾರ, ಅಂಕೋಲಾ, ಹೊನ್ನಾವರ ಕಡೆಯ ಕಾಯರ್ (ಚರ್ಚಿನ ಹಾಡುಗಾರರ ತಂಡ) ಹುಡುಗರ ಫೋನ್ ಶುರು. "ಅಣ್ಣಾ, ಈ ಸಲ ಹಾಡುಗಳನ್ನು ಮಲ್ಟಿಟ್ರ್ಯಾಕ್, ಅಂದರೆ ಒಂದೊಂದು ವಾದ್ಯ, ಒಂದೊಂದು ದನಿ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಬೇಕು, ಯಾವ ಮಿಕ್ಸರ್ ತಗೊಳ್ಳೋಣ?" ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವುದು ನನ್ನ ಕಸುಬು. ಮಾಡೆಲ್ ಹೆಸರು ಹೇಳುವುದು ಕಷ್ಟ ಅಲ್ಲ. ಆದರೆ ನಾನು ಮೊದಲು ಕೇಳುವುದು ಚರ್ಚಿನಲ್ಲಿ ಈಗಿರುವ ಮಿಕ್ಸರಿನ ಹಿಂಭಾಗದ ಫೋಟೋ.

ಯುಎಸ್‌ಬಿ ತೂತು ಕಂಡ ಕೂಡಲೇ ಖುಷಿಪಡಬೇಡಿ. ಬಹಳಷ್ಟು ಅನಲಾಗ್ ಮಿಕ್ಸರ್‌ಗಳ ಯುಎಸ್‌ಬಿಯಿಂದ ಬರುವುದು ಎರಡೇ ಚಾನೆಲ್. ಎಲ್ಲ ಕಲಸಿಯಾದ ಮೇಲಿನ ಸ್ಟೀರಿಯೋ ಅದು. ಆಮೇಲೆ ಪಿಟೀಲು ಮಾತ್ರ ಏರಿಸೋಣ ಅಂದರೆ ಆಗುವುದಿಲ್ಲ.

ಮುಂದಿನ ಕೆಲಸ ಎಷ್ಟು ಚಾನೆಲ್ ಬೇಕು ಅನ್ನುವ ಲೆಕ್ಕ. ಡ್ರಮ್ಸಿಗೆ ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್), ಸ್ನೇರ್ (ಕೋಲಿನಿಂದ ಹೊಡೆಯುವ ಸಣ್ಣ ಡ್ರಮ್), ಮೇಲಿನಿಂದ ಎರಡು ಮೈಕ್, ಒಟ್ಟು 4. ಬೇಸ್ 1, ಕೀಬೋರ್ಡ್ ಸ್ಟೀರಿಯೋ 2, ಗಿಟಾರ್ 1, ಪಿಟೀಲು 1, ಮುಖ್ಯ ಗಾಯಕರು 2, ಕಾಯರಿಗೆ ಕಂಡೆನ್ಸರ್ ಮೈಕ್ 2, ಫಾದರ್ ಮೈಕ್ 1. ಹದಿನಾಲ್ಕಾಯಿತು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಬೆಂಚಿನಲ್ಲಿ ಕೂತ ಜನರ ಕಡೆ ಮುಖ ಮಾಡಿದ ಎರಡು ಮೈಕ್ ಬೇಕೇ ಬೇಕು. ಇವನ್ನು ಸ್ಪೀಕರ್ ಸಾಲಿಗಿಂತ ಹಿಂದೆ, ಫ್ಯಾನಿನ ಗಾಳಿ ನೇರ ಹೊಡೆಯದ ಕಡೆ ಇಡಿ. ಊರಿನವರೆಲ್ಲ ಸೇರಿ ಹಾಡುವ ದನಿ ಇಲ್ಲದಿದ್ದರೆ ರೆಕಾರ್ಡಿಂಗ್ ಖಾಲಿ ಹಾಲಿನ ರಿಹರ್ಸಲ್ ಥರ ಕೇಳುತ್ತದೆ. ಅಲ್ಲಿಗೆ 16.

ಬೆಹ್ರಿಂಗರ್ ಎಕ್ಸ್‌ಆರ್18 ಮಿಕ್ಸರಿನಲ್ಲಿ 16 ಮೈಕ್ ಇನ್‌ಪುಟ್ ಇವೆ, ಜೊತೆಗೆ ವಾದ್ಯದ ಕೇಬಲ್ ನೇರ ಹಾಕುವ 2 ಲೈನ್ ಇನ್‌ಪುಟ್. ಕೀಬೋರ್ಡನ್ನು ಲೈನಿಗೆ ಹಾಕಿದರೆ ಎರಡು ಮೈಕ್ ಜಾಗ ಉಳಿಯುತ್ತದೆ. ಆದರೆ ಹದಿನೆಂಟೂ ಟ್ರ್ಯಾಕ್ ರೆಕಾರ್ಡ್ ಮಾಡಲು ಲ್ಯಾಪ್‌ಟಾಪ್ ಬೇಕು. ಝೂಮ್ ಎಲ್-20ರಲ್ಲೂ ಮೈಕ್ 16, ಅದು ನೇರ ಎಸ್‌ಡಿ ಕಾರ್ಡಿಗೆ ಬರೆಯುತ್ತದೆ. ಸೌಂಡ್‌ಕ್ರಾಫ್ಟ್ ಯುಐ24ಆರ್ ಪೆನ್‌ಡ್ರೈವ್‌ಗೆ 22 ಟ್ರ್ಯಾಕ್ ಬರೆಯುತ್ತದೆ. ನನ್ನ ಮತ ಲ್ಯಾಪ್‌ಟಾಪ್ ಬೇಡದವಕ್ಕೆ. ನಮ್ಮ ಚರ್ಚುಗಳಲ್ಲಿ ರೆಕಾರ್ಡಿಂಗ್‌ಗೆ ಅಂತ ಬೇರೆ ಮನುಷ್ಯ ಸಿಗುವುದಿಲ್ಲ. ಮಿಕ್ಸಿಂಗ್ ಮಾಡುವವನೇ ಬಟನ್ ಒತ್ತಬೇಕು. ಕೆಲವು ಕಡೆ ಅವನೇ ಬೇಸ್ ಬೇರೆ ನುಡಿಸಬೇಕು! ಪೂಜೆ ಮಧ್ಯೆ ಲ್ಯಾಪ್‌ಟಾಪ್ ಅಪ್‌ಡೇಟ್ ಕೇಳಿದರೆ ಯಾರು ನೋಡ್ತಾರೆ?

ಚರ್ಚಿನಲ್ಲಿರುವುದು ಹಳೆಯ ಅನಲಾಗ್ ಮಿಕ್ಸರ್, ಸೌಂಡ್ ಚೆನ್ನಾಗೇ ಇದೆ ಅಂದರೆ ಅದನ್ನು ಬಿಸಾಡಬೇಡಿ, ಬೇರೆ ಮಲ್ಟಿಟ್ರ್ಯಾಕ್ ರೆಕಾರ್ಡರ್ ಜೋಡಿಸಬಹುದು. ಚಾನೆಲ್ ಮೇಲೆ ಇನ್ಸರ್ಟ್ ಅಂತ ಬರೆದ ತೂತು ಹುಡುಕಿ. ರೆಕಾರ್ಡರಿಗೆ ಹೋಗುವ ಕೇಬಲ್ಲಿನ ಸಾದಾ ಗಿಟಾರ್ ಜಾಕ್ ಅದಕ್ಕೆ ಹಾಕಿ, ಮೊದಲ 'ಟಕ್' ಆದಲ್ಲಿ ನಿಲ್ಲಿಸಿ. ಸಿಗ್ನಲ್ ರೆಕಾರ್ಡರಿಗೂ ಬರುತ್ತದೆ, ಸ್ಪೀಕರಿಗೂ ಹೋಗುತ್ತದೆ. ಪೂರ್ತಿ ಒತ್ತಿದರೆ ಸ್ಪೀಕರಿನಲ್ಲಿ ಆ ಚಾನೆಲ್ ಬಂದ್. ಅರ್ಧ ನಿಂತ ಜಾಕ್ ಯಾರದೋ ಕೈ ತಾಗಿ ಅಲುಗಾಡುತ್ತದೆ. ಕಾಯಂ ಬೇಕಿದ್ದರೆ ಟಿಪ್ (ಜಾಕಿನ ತುದಿ), ರಿಂಗ್ (ನಡುವಿನ ಉಂಗುರ) ಎರಡನ್ನೂ ಬೆಸುಗೆ ಹಾಕಿ ಸೇರಿಸಿದ ಸ್ಟೀರಿಯೋ ಜಾಕ್ ಮಾಡಿಸಿ, ಅದನ್ನು ಪೂರ್ತಿ ಒತ್ತಬಹುದು. ಇನ್ಸರ್ಟ್, ದನಿ ಏರಿಳಿಸುವ ಜಾರುಗುಂಡಿ ಅಂದರೆ ಫೇಡರ್‌ಗಿಂತ ಮುಂಚೆ ಬರುವುದರಿಂದ ಪೂಜೆ ಹೊತ್ತಿನಲ್ಲಿ ಫೇಡರ್ ಎಷ್ಟು ಆಡಿಸಿದರೂ ರೆಕಾರ್ಡಿಂಗ್‌ಗೆ ತಟ್ಟುವುದಿಲ್ಲ.

ಕಾರ್ಡಿನ ಲೆಕ್ಕ ಸುಲಭ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಟ್ರ್ಯಾಕಿಗೆ ಗಂಟೆಗೆ ಸುಮಾರು ಅರ್ಧ ಜಿಬಿ. 16 ಟ್ರ್ಯಾಕಿಗೆ 8 ಜಿಬಿ ದಾಟುತ್ತದೆ. ಕ್ಯಾರಲ್ಸ್, ಮಧ್ಯರಾತ್ರಿ ಪೂಜೆ ಎಲ್ಲ ಸೇರಿದರೆ 64 ಜಿಬಿ ಕಾರ್ಡ್ ಇರಲಿ. ಗೇನ್ (ಒಳಗೆ ಬರುವ ಸಿಗ್ನಲ್ ಏರಿಸುವ ಗುಂಡಿ) ಜಾಸ್ತಿ ಏರಿಸಬೇಡಿ. ಪ್ರಾಕ್ಟೀಸಿನಲ್ಲಿ ರೆಕಾರ್ಡರಿನ ಮೀಟರ್ ಮೈನಸ್ 18 ಡೆಸಿಬೆಲ್ ಆಸುಪಾಸು ಆಡಿದರೆ ಸಾಕು. ಕ್ರಿಸ್‌ಮಸ್ ರಾತ್ರಿ ಗ್ಲೋರಿಯಾ (ಪೂಜೆಯ ಸ್ತುತಿಗೀತೆ) ಶುರುವಾದಾಗ ಎಲ್ಲರೂ ಒಮ್ಮೆಲೇ ದನಿ ಎತ್ತುತ್ತಾರೆ, ಗಂಟೆ ಬೇರೆ ಬಾರಿಸುತ್ತಾರೆ. ಆಗ ಕೆಂಪು ದೀಪ ಹತ್ತಿದರೆ ಆ ಟ್ರ್ಯಾಕ್ ಮತ್ತೆ ಸರಿಯಾಗಲ್ಲ.

ಬಜೆಟ್ಟಿನಲ್ಲಿ ಒಂದು ಸಣ್ಣ ಯುಪಿಎಸ್ ಸೇರಿಸಿ. ಆಂಪ್ಲಿಫೈಯರಿಗಲ್ಲ, ಮಿಕ್ಸರ್ ಮತ್ತು ರೆಕಾರ್ಡರಿಗೆ ಮಾತ್ರ. ಕರೆಂಟ್ ಹೋಗಿ ಜನರೇಟರ್ ಬರುವಷ್ಟರಲ್ಲಿ ರೆಕಾರ್ಡರ್ ಆಫ್ ಆದರೆ ಅಲ್ಲಿಯತನಕದ ಫೈಲ್ ತೆರೆಯದೇ ಹೋಗಬಹುದು. ಸಮುದ್ರದ ಉಪ್ಪುಗಾಳಿಗೆ ಕೇಬಲ್ ಪಿನ್ ಕಪ್ಪಾಗುತ್ತವೆ. ಸಿಲಿಕಾ ಜೆಲ್ ಹಾಕಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಿ.

ಕೊಳ್ಳುವ ಮುಂಚೆ ಒಂದು ಪ್ರಾಕ್ಟೀಸಿಗೆ ಬಾಡಿಗೆ ತಂದು ನೋಡಿ. ಬಾಡಿಗೆಯವನು ಹೀಗೇ ಹೇಳ್ತಾನೆ ಅಂದ್ಕೋಬೇಡಿ, ನನ್ನ ಹತ್ತಿರವೇ ತರಬೇಕು ಅಂತೇನಿಲ್ಲ. ರೆಕಾರ್ಡ್ ಆದ ಟ್ರ್ಯಾಕ್ ಕೇಳಲು, ಮಿಕ್ಸ್ ಮಾಡಲು ಮನೆಯಲ್ಲಿ ರೀಪರ್ ಸಾಫ್ಟ್‌ವೇರ್ ಹಾಕಿಕೊಳ್ಳಿ, 60 ದಿನ ಪುಕ್ಕಟೆ ನೋಡಬಹುದು. ಮುಖ್ಯ ಗಾಯಕಿಯ ಟ್ರ್ಯಾಕ್ ಒಂದನ್ನೇ ಕೇಳಿ. ಅವಳ ದನಿಗಿಂತ ಡ್ರಮ್ಸೇ ಜೋರಾಗಿದ್ದರೆ ಯಾವ ಮಿಕ್ಸರ್ ತಂದರೂ ಅಷ್ಟೇ. ಮೊದಲು ಡ್ರಮ್ಸನ್ನು ಅವಳ ಬೆನ್ನ ಹಿಂದಿನಿಂದ ಎತ್ತಿ ಪಕ್ಕದ ಮೂಲೆಗೆ ಸರಿಸಿ, ಮತ್ತೊಮ್ಮೆ ರೆಕಾರ್ಡ್ ಮಾಡಿ, ಆಮೇಲೆ ಅಂಗಡಿಗೆ ಹೋಗಿ.